ನೀರೊಳಗಿನ ಹೊಸ್ತಿಲು

ತೂಬು ಎತ್ತುವ ಕಬ್ಬಿಣದ ಹಿಡಿ ಜಾರಿದಾಗಲೇ ಥೆಲ್ಮಾಳಿಗೆ ತನ್ನ ಅಂಗೈ ಬೆವರುತ್ತಿದೆಯೆಂದು ಗೊತ್ತಾದದ್ದು. ಮೇ ತಿಂಗಳ ಬೆಳಗು, ಒಂಬತ್ತು ಗಂಟೆ; ಬೇಲಿಯುದ್ದಕ್ಕೂ ಬಿಳಿ ಮುಳ್ಳುಹೂ ಬಿಟ್ಟಿತ್ತು, ಗಾಳಿ ತಣ್ಣಗಿತ್ತು, ಬೆವರುವಂಥ ಸೆಕೆಯೇನೂ ಇರಲಿಲ್ಲ. ಅವಳ ಕಾಲ ಬುಡದಲ್ಲಿ ಕಾಲುವೆಯ ಲಾಕು ಅಂಚಿನವರೆಗೆ ತುಂಬಿಕೊಂಡಿತ್ತು. ಆ ನೀರಿನ ಮೇಲೆ ಅವರ ಇಪ್ಪತ್ತೆರಡು ಅಡಿಯ ದೋಣಿ 'ಮಾರ್ಜೋರಿ'. ಅದರ ಚುಕ್ಕಾಣಿಯ ಹಿಂದೆ ಗಂಡ ಸಿರಿಲ್, ಟೋಪಿ ಹಾಕಿಕೊಂಡು, ಫೋಟೋಕ್ಕೆ ಕೂತವನ ಹಾಗೆ ನೆಟ್ಟಗೆ. ಮಾರ್ಜೋರಿ ಎಂಬುದು ಸಿರಿಲ್‌ನ ತಾಯಿಯ ಹೆಸರು. ಹನ್ನೊಂದು ವರ್ಷದಿಂದ ಪ್ರತಿ ಏಪ್ರಿಲ್‌ನಲ್ಲೂ ಥೆಲ್ಮಾ ಮಂಡಿಯೂರಿ ಕೂತು ಅತ್ತೆಯ ಮೈ ಉಜ್ಜಿ ತೊಳೆಯುತ್ತಾಳೆ, ಬದುಕಿದ್ದಾಗ ಮಾಡದ ಸೇವೆ ಎಂದು ಸಿರಿಲ್ ನಗುತ್ತಾನೆ. ಇಲ್ಲಿಂದ ಕೆಳಗೆ ಮೂವತ್ತು ಲಾಕು. ಟಾರ್ಡೆಬಿಗ್‌ನ ಗುಡ್ಡದಿಂದ ಕಾಲುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ವೂಸ್ಟರ್ ಕಡೆಗೆ ಹೋಗುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ದೋಣಿಯನ್ನು ಎರಡು ಬಾಗಿಲುಗಳ ನಡುವೆ ಕೂಡಿಹಾಕಿ, ತೂಬು ಎತ್ತಿ ನೀರು ಬಿಟ್ಟು, ದೋಣಿ ಕೆಳಗಿಳಿದ ಮೇಲೆ ಮುಂದಿನ ಬಾಗಿಲು ತೆಗೆಯಬೇಕು. ತೂಬು ಎತ್ತುವುದು ಥೆಲ್ಮಾಳ ಕೆಲಸ. ಕಳೆದ ಆಗಸ್ಟಿನಲ್ಲೂ ಅದು ಅವಳದೇ ಕೆಲಸವಾಗಿತ್ತು.

"ಎತ್ತಮ್ಮ ಹುಡುಗಿ, ಇಲ್ಲೇ ಪಿಂಚಣಿ ತಗೊಳೋದು ಬೇಡ," ಎಂದ ಸಿರಿಲ್ ಕೆಳಗಿನಿಂದ.

ಅವಳು ಗೋಡೆಯ ಮೇಲಿನ ಬಿಳಿ ಗೆರೆಯನ್ನು ನೋಡಿದಳು. ಹಿಂದಿನ ಬಾಗಿಲಿನ ಬುಡದಲ್ಲಿ, ನೀರಿನೊಳಗೆ, ಒಂದು ಕಲ್ಲಿನ ಹೊಸ್ತಿಲು ಇರುತ್ತದೆ. ಲಾಕು ತುಂಬಿರುವಾಗ ಕಾಣುವುದಿಲ್ಲ. ಅದು ಎಲ್ಲಿಯವರೆಗೆ ಚಾಚಿದೆಯೆಂದು ತೋರಿಸುವುದಕ್ಕೇ ಆ ಗೆರೆ. ದೋಣಿಯ ಹಿಂಭಾಗ ಗೆರೆಯಿಂದ ಮುಂದಿದ್ದರೆ ಕ್ಷೇಮ. ಹಿಂದೆ ಬಿದ್ದರೆ ನೀರು ಇಳಿದ ಹಾಗೆ ಹಿಂಭಾಗ ಹೊಸ್ತಿಲ ಮೇಲೆ ಕೂತುಬಿಡುತ್ತದೆ, ಮುಂಭಾಗ ಮಾತ್ರ ನೀರಿನೊಂದಿಗೆ ಇಳಿಯುತ್ತ ಹೋಗುತ್ತದೆ. ಆಗಸ್ಟಿನಲ್ಲಿ ಅವತ್ತು ಆದದ್ದು ಅದೇ. ಆ ಲಾಕಿನ ಪಕ್ಕ ಒಂದು ಪಬ್ಬು, ಅಂಗಳದಲ್ಲಿ ಮದುವೆಯ ಊಟ. ಮದುಮಗಳು ಲಂಗವನ್ನು ಮಂಡಿಯವರೆಗೆ ಎತ್ತಿಕೊಂಡು ಲಾಕಿನ ಕಿರುಸೇತುವೆ ದಾಟುತ್ತಿದ್ದಳು. ಥೆಲ್ಮಾ ಅವಳ ಬಿಳಿ ಬೂಟುಗಳನ್ನು ನೋಡುತ್ತ ನಿಂತಳು. ಎಷ್ಟು ಹೊತ್ತು? ಹತ್ತು ಎಣಿಸುವಷ್ಟು ಇರಬಹುದು. ಆಮೇಲೆ ಕೇಳಿದ್ದು ಕಿರುಚಾಟವಲ್ಲ, ದೋಣಿಯೊಳಗಿನ ಕಪಾಟಿನಿಂದ ತಟ್ಟೆಗಳು ಒಂದರ ಹಿಂದೊಂದು ಜಾರುವ ಸದ್ದು. ತಿರುಗಿ ನೋಡಿದರೆ ಮಾರ್ಜೋರಿ ತಲೆಕೆಳಗಾಗಿ ನೇತಾಡುತ್ತಿತ್ತು, ಸಿರಿಲ್ ಬಾಗಿಲ ಚೌಕಟ್ಟನ್ನು ತಬ್ಬಿಕೊಂಡಿದ್ದ. ಅವಳು ಓಡಿ ತೂಬು ಇಳಿಸಿ ನೀರು ತಡೆಯುವಷ್ಟರಲ್ಲಿ ದೋಣಿ ಕಳಚಿ ಬಿತ್ತು. ಸಿರಿಲ್‌ಗೆ ಮೂರು ಪಕ್ಕೆಲುಬು ಮುರಿದವು. ದೋಣಿಯ ಹೊಟ್ಟೆಯ ತುಂಬ ಕಂದು ನೀರು, ಅದರ ಮೇಲೆ ತೇಲುತ್ತಿದ್ದ ಬ್ರೆಡ್ಡು. ಮದುವೆಗೆ ಬಂದವರು ಕೈಯಲ್ಲಿ ಗ್ಲಾಸು ಹಿಡಿದುಕೊಂಡೇ ಬಂದು ನೋಡಿದರು.

ಆ ಪಕ್ಕೆಲುಬುಗಳು ಕೂಡಿಕೊಂಡವು. ಆದರೆ ಕ್ರಿಸ್‌ಮಸ್ ಹೊತ್ತಿಗೆ ಅದೊಂದು ಕಥೆಯಾಗಿತ್ತು, ದೋಣಿ ಕ್ಲಬ್ಬಿನ ಊಟದಲ್ಲಿ ಸಿರಿಲ್ ಹೇಳುವ ಕಥೆ. ನಮ್ಮ ಹುಡುಗಿಗೆ ಟೀ ಆತುರ ನೋಡಿ, ಎರಡೂ ತೂಬು ದಡಾರನೆ ಎತ್ತಿದಾಳೆ, ಕೆಟಲ್ ಇಟ್ಟಿದೀಯಾ ಅಂತ ನನ್ನನ್ನೇ ಕೇಳ್ತಾಳೆ, ನಾನಲ್ಲಿ ಬಾವಲಿ ತರ ನೇತಾಡ್ತಿದೀನಿ. ಎಲ್ಲರೂ ನಗುತ್ತಿದ್ದರು. ಕ್ಲಬ್ಬಿನ ಹ್ಯೂಬರ್ಟ್ ಪಾಯ್ನರ್ ಅವಳಿಗೆ 'ಅಡ್ಮಿರಲ್' ಎಂದು ಹೆಸರಿಟ್ಟ. ಥೆಲ್ಮಾಳೂ ನಗುತ್ತಿದ್ದಳು, ಎಲ್ಲರಿಗಿಂತ ಒಂದು ಕ್ಷಣ ಮೊದಲೇ, ಏಕೆಂದರೆ ನಗು ಎಲ್ಲಿ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಕೆಟಲ್‌ನ ಮಾತನ್ನು ಅವಳು ಆಡಿರಲಿಲ್ಲ. ಆದರೆ ಹತ್ತು ಎಣಿಸುವಷ್ಟು ಹೊತ್ತು ಬೂಟು ನೋಡಿದ್ದು ನಿಜವಲ್ಲವೆ? ಆ ಹತ್ತು ಎಣಿಕೆಗೆ ಕೆಟಲ್ ಒಂದು ದಂಡ ಎಂದುಕೊಂಡು ಒಪ್ಪಿಕೊಂಡಿದ್ದಳು.

ಮೊದಲ ಲಾಕು ಇಳಿಯಿತು. ಹದಿನಾಲ್ಕು ಅಡಿ. ಅವಳು ತೂಬಿನ ಹಲ್ಲುಪಟ್ಟಿಯನ್ನು ಒಂದೊಂದೇ ಹಲ್ಲಿನಷ್ಟು ಎತ್ತಿದಳು, ಗೆರೆ ನೋಡಿದಳು, ದೋಣಿ ನೋಡಿದಳು, ಮತ್ತೆ ಗೆರೆ. ಎರಡನೆಯದೂ ಆಯಿತು. ಮೂರನೆಯದರಲ್ಲಿ ಹಿಂದಿನಿಂದ ಹಾರ್ನ್ ಕೇಳಿತು. ಪಾಯ್ನರ್ ದಂಪತಿಯ ದೋಣಿ. ಎರಡು ದೋಣಿಗೂ ಒಂದೇ ಊರಿನ ದಾರಿ: ಕ್ಲಬ್ಬಿನ ವಸಂತ ಕೂಟ ಸೆವರ್ನ್ ನದಿಯಲ್ಲಿ ಕೆಳಗಡೆ, ಟ್ಯೂಕ್ಸ್‌ಬರಿಯಲ್ಲಿ. ಅವರದು ಅರವತ್ತು ಅಡಿಯ ಉದ್ದ ದೋಣಿ, ಎರಡೂ ಒಂದೇ ಲಾಕಿನಲ್ಲಿ ಹಿಡಿಸುವುದಿಲ್ಲ, ಹಿಂದಿನವರು ಕಾಯಲೇಬೇಕು. ಬೆರಿಲ್ ಪಾಯ್ನರ್ ದಂಡೆಯ ಮೇಲೆ ನಡೆದು ಬಂದಳು, ಕುತ್ತಿಗೆಗೆ ರೇಷ್ಮೆಯ ಕರವಸ್ತ್ರ, ಕೈಯಲ್ಲಿ ಅವಳದೇ ಹಿಡಿ, ಬೆಳ್ಳಿಯ ಹಾಗೆ ಹೊಳೆಯುವಂಥದ್ದು.

"ಥೆಲ್ಮಾ, ಆ ನೀರನ್ನ ಚಮಚದಲ್ಲಿ ಎತ್ತಿ ಹಾಕ್ತಿದೀಯೇನೆ?"

"ಸ್ವಲ್ಪ ನಿಧಾನ ಅಷ್ಟೆ, ಬೆರಿಲ್."

"ನಿಧಾನ ಒಳ್ಳೇದೇ ಬಿಡು. ಅಡ್ಮಿರಲ್‌ಗೆ ಬುದ್ಧಿ ಬಂದಿದೆ ಅಂತ ಹ್ಯೂಬರ್ಟ್‌ಗೆ ಹೇಳ್ತೀನಿ. ಆದ್ರೆ ನಾವು ಟ್ಯೂಕ್ಸ್‌ಬರಿ ಸೇರೋದು ಈ ವರ್ಷವೇ ಆಗ್ಲಿ, ಆಯ್ತಾ?"

ಥೆಲ್ಮಾ ನಕ್ಕಳು. ನಕ್ಕ ಮೇಲೆ ಕೆನ್ನೆ ನೋಯುತ್ತಿತ್ತು. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆ ನಡೆಸಿದವಳು ಅವಳು, ಮುನ್ನೂರು ಮಕ್ಕಳಿಗೆ ಹನ್ನೆರಡೂಕಾಲಿಗೆ ಸರಿಯಾಗಿ ಊಟ ಬಡಿಸಿದವಳು. ಒಂದು ದಿನವೂ ಸಾರು ಹೊತ್ತಿಸಿರಲಿಲ್ಲ, ಒಂದು ಮಗುವಿನ ಕೈಯೂ ಸುಟ್ಟಿರಲಿಲ್ಲ. ಈ ದಂಡೆಯ ಮೇಲೆ ಅದನ್ನು ಯಾರಿಗೆ ಹೇಳುವುದು.

ನಾಲ್ಕನೆಯ ಲಾಕಿನಲ್ಲಿ ಅವಳು ಒಂದು ತೂಬನ್ನು ಅರ್ಧ ಎತ್ತಿ, ತಿರುಗಿ ನೋಡಿದಾಗ ದೋಣಿ ಹಿಂದಕ್ಕೆ ಸರಿದಿತ್ತು. ಸ್ವಲ್ಪವಲ್ಲ. ಮುಂದೆ ಐವತ್ತು ಅಡಿ ಖಾಲಿ ನೀರು, ಹಿಂದೆ ಬಿಳಿ ಗೆರೆಯಿಂದ ಒಂದು ಮೊಳ ಆಚೆಗೆ ದೋಣಿಯ ಎಂಜಿನ್ನು. ಅವಳ ಕೈ ಮೊದಲು ಕೆಲಸ ಮಾಡಿತು: ತೂಬು ಬಿಟ್ಟಳು. ಹಲ್ಲುಗಳು ಕಟಕಟನೆ ಇಳಿದು ನೀರಿನ ಮೊರೆತ ನಿಂತಿತು.

"ಸಿರಿಲ್, ಮುಂದೆ ತಗೋ."

"ಮುಂದೇ ಇದೀನಲ್ಲ."

"ಗೆರೆ ನೋಡು ಮೊದ್ಲು."

"ನೋಡ್ತಿದೀನಿ ಕಣೇ. ಗೆರೆ ಆಚೆ ಇದೆ, ನಾನು ಈಚೆ ಇದೀನಿ."

ಅವನು ನೋಡುತ್ತಿದ್ದದ್ದು ಗೆರೆಯನ್ನಲ್ಲ. ಅದರಿಂದ ಎರಡು ಮೊಳ ಹಿಂದೆ ಕಲ್ಲಿನ ಮೇಲೆ ಹಕ್ಕಿ ಹಿಕ್ಕೆ ಹಾಕಿ ಬೆಳ್ಳಗಾಗಿದ್ದ ಜಾಗವನ್ನು. ಅದನ್ನೂ ನೇರವಾಗಿ ಅಲ್ಲ, ಮುಖ ಒಂದು ಕಡೆಗೆ ತಿರುಗಿಸಿ, ಕೋಳಿ ಕಾಳು ನೋಡುವ ಹಾಗೆ ಓರೆಯಾಗಿ. ಈ ಓರೆ ನೋಟವನ್ನು ಥೆಲ್ಮಾ ಬಲ್ಲಳು. ಒಂದು ವರ್ಷದ ಮೇಲಿಂದ ಅಡುಗೆಮನೆಯ ಮೇಜಿನಾಚೆಯಿಂದ ಅವಳನ್ನು ಹೀಗೇ ನೋಡುತ್ತಿದ್ದ, ಅದು ತಿರಸ್ಕಾರ ಎಂದುಕೊಂಡಿದ್ದಳು, ಆಗಸ್ಟಿನ ಮೇಲಂತೂ ಅಪಘಾತದ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡಿದ್ದಳು. ಫುಟ್‌ಬಾಲ್ ಫಲಿತಾಂಶ ಅವಳೇ ಓದಿ ಹೇಳಬೇಕು. ಮಂಡಿ ನೋವೆಂದು ಕಾರಿನ ಕೀಲಿ ಅವಳ ಕೈಗೆ ಬಂದಿತ್ತು. ಟೀ ಕಪ್ಪಿನ ಪಕ್ಕಕ್ಕೆ ಬಿದ್ದದ್ದಕ್ಕೆ ಮೇಜಿನ ಬಟ್ಟೆ ಸುಕ್ಕಾಗಿದೆ ಎಂದು ರೇಗಿದ್ದ. ಮಗಳ ಪತ್ರವನ್ನು ಓದಿದೆ ಎಂದವನು ಅದರಲ್ಲಿದ್ದ ಬಸುರಿನ ಸುದ್ದಿಗೆ ಬೆಪ್ಪಾಗಿ ನಿಂತಿದ್ದ. ಒಂದೊಂದೂ ಬೇರೆ ಬೇರೆ ದಿನದ್ದು. ಈಗ ನೀರು ನಿಂತ ಲಾಕಿನಲ್ಲಿ ಎಲ್ಲವೂ ಒಟ್ಟಿಗೆ ಮೇಲೆ ಬಂದವು. ಅವಳು ಕಬ್ಬಿಣದ ಏಣಿ ಹಿಡಿದು ದೋಣಿಗೆ ಇಳಿದಳು. ಅರವತ್ತೆರಡನೆಯ ವಯಸ್ಸಿನಲ್ಲಿ ಪಾಚಿ ಹಿಡಿದ ಏಣಿ ಇಳಿಯುವುದು ಸುಲಭವಲ್ಲ, ಆದರೂ ಇಳಿದಳು, ಅವನೆದುರಿಗೆ ನಿಂತಳು.

"ನನ್ನ ಮುಖ ಕಾಣ್ತಾ ಇದೆಯಾ ನಿಂಗೆ?"

ನಲವತ್ತು ವರ್ಷ ಕಾರ್ಖಾನೆಯಲ್ಲಿ ಅಚ್ಚು ಕಡೆದವನು ಸಿರಿಲ್. ಕೂದಲೆಳೆಯ ವ್ಯತ್ಯಾಸವನ್ನು ಬರಿಗಣ್ಣಿನಲ್ಲಿ ಹೇಳುತ್ತಾನೆಂದು ಬೇರೆ ವಿಭಾಗದವರೂ ಕಬ್ಬಿಣದ ತುಂಡು ಹಿಡಿದುಕೊಂಡು ಅವನ ಹತ್ತಿರ ಬರುತ್ತಿದ್ದರು.

"ಸುತ್ತ ಕಾಣತ್ತೆ," ಎಂದ ಕೊನೆಗೆ. "ಕೂದಲು ಕಾಣತ್ತೆ. ನಡುವೆ ಇಲ್ಲ. ಯಾರೋ ಹೆಬ್ಬೆಟ್ಟಲ್ಲಿ ಒರೆಸಿದ ಹಾಗೆ."

"ಯಾವಾಗಿಂದ?"

"ಹೋದ ವರ್ಷ ಫೆಬ್ರವರಿ. ಡಾಕ್ಟ್ರು ಹೇಳಿದ್ರು, ವಾಸಿ ಆಗೋದಲ್ಲ ಅಂತ."

ಫೆಬ್ರವರಿ. ಥೆಲ್ಮಾ ಮನಸ್ಸಿನಲ್ಲಿ ತಿಂಗಳು ಎಣಿಸಿದಳು, ಮಗುವಿನ ಹಾಗೆ ಬೆರಳು ಮಡಿಸಿ. ಮಾರ್ಚ್, ಏಪ್ರಿಲ್, ಮೇ, ಜೂನ್, ಜುಲೈ. ಆಗಸ್ಟ್.

"ಅವತ್ತೂ ಗೆರೆ ಕಾಣ್ಲಿಲ್ಲ ನಿಂಗೆ."

"ಮುಂದಿನ ಬಾಗಿಲಿಗೆ ಹೊಡೀತೀನೇನೋ ಅಂತ ಹೆದ್ರಿಕೆ. ಅದಕ್ಕೇ ಹಿಂದೆ ಹಿಂದೆ ಇಟ್ಕೊಳ್ತಿದ್ದೆ."

"ನನ್ನ ಕೆಟಲ್?"

ಅವನು ಚುಕ್ಕಾಣಿಯ ಮೇಲಿನ ಕೈ ತೆಗೆದ. ಗೋಡೆಯ ಮೇಲಿನಿಂದ ನೀರು ಸಣ್ಣಗೆ ಜಿನುಗುತ್ತಿತ್ತು. ಮೇಲೆ ಬೆರಿಲ್‌ಳ ಸ್ವರ, ಏನಾಯ್ತು ನಿಮಗೆ, ಅಲ್ಲೇ ಸಂಸಾರ ಹೂಡಿದಿರಾ ಎಂದು. ಥೆಲ್ಮಾಳಿಗೆ ಹೊಡೆಯಬೇಕೆನ್ನಿಸಿತು. ಟೋಪಿ ಕಿತ್ತು ನೀರಿಗೆ ಎಸೆಯಬೇಕೆನ್ನಿಸಿತು. ಒಂಬತ್ತು ತಿಂಗಳು ನಿದ್ದೆಯಲ್ಲಿ ತಟ್ಟೆ ಜಾರುವ ಸದ್ದು ಕೇಳಿ ಎದ್ದು ಕೂತಾಗ ಅವನು ಪಕ್ಕದಲ್ಲೇ ಮಲಗಿರುತ್ತಿದ್ದ, ಎಚ್ಚರವಾಗಿಯೇ ಇರುತ್ತಿದ್ದನೇನೋ, ಮಲಗು ಹುಡುಗಿ ಆದದ್ದಾಯ್ತು ಎಂದು ಬೆನ್ನು ಸವರುತ್ತಿದ್ದ. ಆ ಕ್ಷಮೆಗೆ ಅವಳು ಕೃತಜ್ಞಳಾಗಿದ್ದಳಲ್ಲ, ಅದು ಎಲ್ಲಕ್ಕಿಂತ ಹೆಚ್ಚು ಉರಿಯಿತು. ಆದರೆ ಆ ಉರಿಯ ಅಡಿಯಲ್ಲಿ ಇನ್ನೊಂದು ಏನೋ ಸಡಿಲವಾಗುತ್ತಿತ್ತು, ಬಹಳ ದಿನದಿಂದ ಬಿಗಿಯಾಗಿದ್ದ ಏಪ್ರನ್ನಿನ ದಾರವನ್ನು ಹಿಂದಿನಿಂದ ಯಾರೋ ಬಿಚ್ಚಿದ ಹಾಗೆ. ಅವಳು ಉಸಿರೆಳೆದುಕೊಂಡಳು. ಪೂರ್ತಿ ಉಸಿರು ಒಳಕ್ಕೆ ಹೋಯಿತು.

"ಏಳು," ಎಂದಳು. "ಮೇಲೆ ಹೋಗು. ತೂಬು ನೀನು ಎತ್ತು, ಬಾಗಿಲು ನೀನು ತಳ್ಳು. ನಡಿಯೋಕೆ ಕಣ್ಣು ಸಾಲತ್ತಲ್ಲ?"

"ನಡಿಯೋಕೇನೋ ಸಾಲತ್ತೆ. ದೋಣಿ?"

"ದೋಣಿ ನಾನು ತಗೋತೀನಿ."

"ನಿಂಗೆ ಬರಲ್ಲ ಕಣೇ. ಒಂದು ಸಲಾನೂ—"

"ನೀನು ಕೊಟ್ಟಿಲ್ಲ, ಅದಕ್ಕೆ ಬರಲ್ಲ. ನಾನು ಎತ್ತು ಅಂದ್ರೆ ಎತ್ತು, ಬಿಡು ಅಂದ್ರೆ ಬಿಡು. ಮಧ್ಯೆ ಯಾರ ಹತ್ರಾನೂ ಹರಟೆ ಬೇಡ."

ಸಿರಿಲ್ ಏಣಿ ಹತ್ತಿದ. ನಾಲ್ಕನೆಯದನ್ನು ಅವರು ಹಾಗೇ ಇಳಿದರು, ಅವಳು ಗೆರೆಯನ್ನೇ ನೋಡುತ್ತ, ಮೇಲಿನಿಂದ ಅವನು ಅವಳ ಸ್ವರಕ್ಕೆ ಕಿವಿಕೊಟ್ಟು. ಬಾಗಿಲು ತೆರೆದಾಗ ಅವಳು ಎಂಜಿನ್ನಿನ ಹಿಡಿ ತಳ್ಳಿದಳು. ದೋಣಿ ಬಾಗಿಲಿನಿಂದ ಆಚೆ ಬಂದದ್ದೇ ಗಾಳಿಗೆ ಮೂತಿ ತಿರುಗಿಸಿ, ಎಡದಂಡೆಯ ಜೊಂಡಿನೊಳಗೆ ನುಗ್ಗಿ ಕೂತಿತು. ಹಿಂದಿನಿಂದ ಹ್ಯೂಬರ್ಟ್‌ನ ನಗು ಕೇಳಿತು: "ಸಿರಿಲ್, ನಿಂಗೆ ಈಜು ಬರತ್ತೆ ತಾನೆ?" ಐದನೆಯದರ ಬಾಯಿಗೆ ಹೋಗುವಾಗ ಬಲಗೋಡೆಗೆ ತಾಗಿತು, ಆರನೆಯದರಲ್ಲಿ ಎರಡೂ ಗೋಡೆಗೆ. ಅವಳ ಕತ್ತಿನ ಹಿಂದೆ ಬಿಸಿಯೇರಿತು. ಚುಕ್ಕಾಣಿಯ ಚಕ್ರ ತಿರುಗಿಸಿದರೆ ದೋಣಿ ಕೇಳುವುದಿಲ್ಲ. ಕೇಳಿಲ್ಲವೆಂದು ಇನ್ನಷ್ಟು ತಿರುಗಿಸಿದರೆ ಹಳೆಯ ಮಾತನ್ನೂ ಹೊಸ ಮಾತನ್ನೂ ಒಟ್ಟಿಗೆ ಕೇಳಿ ವಾಲುತ್ತದೆ.

ಏಳನೆಯದಕ್ಕೆ ಹೋಗುವಾಗ ಅವಳಿಗೆ ಶಾಲೆಯ ಉದ್ದ ಓಣಿ ನೆನಪಾಯಿತು. ಅಡುಗೆಮನೆಯಿಂದ ಊಟದ ಹಾಲಿಗೆ ಸೂಪಿನ ಹಂಡೆಯನ್ನು ಗಾಲಿಬಂಡಿಯಲ್ಲಿ ತಳ್ಳಿಕೊಂಡು ಹೋಗಬೇಕು. ಹೊಸಬರು ಬಂಡಿಯ ಮೂತಿಯನ್ನೇ ನೋಡುತ್ತ ತಳ್ಳಿ, ತಿರುವಿನಲ್ಲಿ ಸೂಪು ಚೆಲ್ಲುತ್ತಿದ್ದರು. ಅವಳು ಕಲಿಸಿಕೊಡುತ್ತಿದ್ದಳು: ನಿಲ್ಲಬೇಕಾದ ಜಾಗಕ್ಕಿಂತ ಹತ್ತು ಹೆಜ್ಜೆ ಮೊದಲೇ ನಿಲ್ಲಿಸಲು ಶುರುಮಾಡಿ, ಒಳಗಿನ ಸೂಪು ಇನ್ನೂ ಹೋಗುತ್ತಿರುತ್ತದೆ. ತಿರುಗಿಸಬೇಕಾದದ್ದು ಮುಂದುಗಡೆಯಿಂದಲ್ಲ, ನಿಮ್ಮ ಸೊಂಟದಿಂದ, ಹಿಂದುಗಡೆಯಿಂದ. ಎಂಜಿನ್ನು ಇರುವುದೂ ಹಿಂದುಗಡೆಯೇ ಅಲ್ಲವೆ? ಅವಳು ವೇಗ ತಗ್ಗಿಸಿದಳು. ಚಕ್ರವನ್ನು ಸ್ವಲ್ಪ ತಿರುಗಿಸಿ, ಕಾದಳು. ದೋಣಿ ಒಂದು ಕ್ಷಣ ಯೋಚಿಸಿತು. ಆಮೇಲೆ, ಹಿಂಭಾಗ ಮೆಲ್ಲಗೆ ಆಚೆಗೆ ಸರಿದು, ಮೂತಿ ತಾನಾಗಿ ಲಾಕಿನ ಬಾಯಿಗೆ ಬಂದು ನಿಂತಿತು. ಎರಡೂ ಕಡೆ ಗೋಡೆ ಹಾದುಹೋದವು, ಯಾವುದನ್ನೂ ತಾಗದೆ. ಥೆಲ್ಮಾಳ ಹೊಟ್ಟೆಯೊಳಗೆ ಎಲ್ಲೋ ಒಂದು ನಗು ಹುಟ್ಟಿತು, ಈ ಸಲ ಯಾರಿಗಿಂತಲೂ ಮೊದಲು ನಗಬೇಕಾದ ಅವಸರದ್ದಲ್ಲ.

"ಎತ್ತು," ಎಂದಳು. ಎತ್ತಿದ. "ಇನ್ನೊಂದು." ಎತ್ತಿದ. ಎಂಟು, ಒಂಬತ್ತು, ಹತ್ತು. ಹನ್ನೆರಡನೆಯದರಲ್ಲಿ ಪಕ್ಕದಿಂದ ಗಾಳಿ ಬೀಸಿದಾಗ ಅವಳು ಅದು ತಳ್ಳುವುದಕ್ಕೆ ಮುಂಚೆಯೇ ಅದರತ್ತ ವಾಲಿಕೊಂಡಳು. ಹದಿನೈದರಲ್ಲಿ ನಿಂತು ಹಂದಿಮಾಂಸದ ಕಡುಬನ್ನು ಉಪ್ಪಿನಕಾಯಿ ಈರುಳ್ಳಿಯ ಜೊತೆ ತಿಂದರು, ಅವನು ದಂಡೆಯ ಮೇಲೆ, ಅವಳು ದೋಣಿಯಲ್ಲಿ. ಅವನ ಪಾಲನ್ನು ಕೈಯಲ್ಲಿಡದೆ ಕಲ್ಲಿನ ಮೇಲಿಟ್ಟಳು, ಅವನು ಬೆರಳಿನಿಂದ ತಡವಿ ಹುಡುಕಿಕೊಂಡ. ಅಯ್ಯೋ ಪಾಪ ಎನ್ನಿಸಿತು, ಎನ್ನಿಸಿದ್ದಕ್ಕೆ ಸಿಟ್ಟೂ ಬಂತು, ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟುಕೊಂಡೇ ಹದಿನಾರಕ್ಕೆ ಹೊರಟಳು. ಇಪ್ಪತ್ತರ ಹೊತ್ತಿಗೆ ಹಿಂದಿನವರ ಹಾರ್ನ್ ಕೇಳುತ್ತಿರಲಿಲ್ಲ. ತಿರುಗಿ ನೋಡಿದರೆ ಪಾಯ್ನರ್‌ಗಳು ಎರಡು ಲಾಕು ಮೇಲೆ, ಅಡ್ಡವಾಗಿ ನಿಂತ ದೋಣಿಯನ್ನು ಕೋಲಿನಿಂದ ನೂಕುತ್ತಿದ್ದರು. ಮೂವತ್ತನೆಯದರಿಂದ ಹೊರಬಂದಾಗ ಮೂರೂವರೆ ಗಂಟೆ. ಅವಳ ಭುಜ ನೋಯುತ್ತಿತ್ತು, ಬೆರಳು ಮಡಿಸಲಾಗುತ್ತಿರಲಿಲ್ಲ. ಹಿಂದೆ ಗುಡ್ಡದ ಮೇಲೆ, ಆಕಾಶಕ್ಕೆ ಹತ್ತಿರವಾಗಿ, ಅವರು ಬೆಳಿಗ್ಗೆ ಇದ್ದ ನೀರು.

ಕೆಳಗಿನ ಪಬ್ಬಿನ ಅಂಗಳದಲ್ಲಿ ಕ್ಲಬ್ಬಿನವರು ಏಳೆಂಟು ಮಂದಿ ಆಗಲೇ ಸೇರಿದ್ದರು. ಮುಕ್ಕಾಲು ಗಂಟೆಯ ಮೇಲೆ ಬಂದ ಹ್ಯೂಬರ್ಟ್, ಬೆವರೊರೆಸಿಕೊಂಡು ಬಿಯರು ತರಿಸಿ, "ಸಿರಿಲ್, ಇವರಿಬ್ಬರು ಹೊಸಬರು, ಅಡ್ಮಿರಲ್ ಕಥೆ ಕೇಳಿಲ್ಲ. ಹೇಳಪ್ಪ," ಎಂದ.

ಥೆಲ್ಮಾ ಏನೂ ಹೇಳಬಾರದೆಂದು ನಿರ್ಧರಿಸಿದ್ದಳು. ಕೇಳಿ ಪಡೆಯುವುದು ಅವಳಿಗೆ ಬೇಕಿರಲಿಲ್ಲ. ಸಿರಿಲ್ ಅಭ್ಯಾಸದಂತೆ ಗ್ಲಾಸು ಕೆಳಗಿಟ್ಟು ಶುರುಮಾಡಿದ: "ಆಗಸ್ಟ್ ತಿಂಗಳು, ಒಂದು ಮದುವೆ ನಡೀತಿತ್ತು. ನಮ್ಮ ಹುಡುಗಿಗೆ ಟೀ ಆತುರ ನೋಡಿ." ಇಲ್ಲಿ ನಗು ಬರಬೇಕು. ಮೊದಲ ನಗು ಯಾವಾಗಲೂ ಅವಳದು. ಅವಳು ನಗಲಿಲ್ಲ. ಎರಡು ಕೈಯನ್ನೂ ಮೇಜಿನ ಮೇಲಿಟ್ಟು ಅವನನ್ನೇ ನೋಡುತ್ತ ಕೂತಳು. ಅವನಿಗೆ ಅವಳ ಮುಖ ಕಾಣುವುದಿಲ್ಲ. ನಗು ಬಾರದ್ದು ಕೇಳಿಸಿತು. ಅಂಗಳದಲ್ಲಿ ಒಂದು ಕುರ್ಚಿ ಕಿರ್ರೆಂದಿತು. ಸಿರಿಲ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಅದು ಸುಳ್ಳು," ಎಂದ. "ದೋಣಿ ಮುಳುಗಿಸಿದ್ದು ನಾನು. ನಂಗೆ ಕಣ್ಣು ಕಾಣಲ್ಲ, ಹ್ಯೂಬರ್ಟ್. ಆಗ್ಲೇ ಕಾಣ್ತಿರ್ಲಿಲ್ಲ. ಕೆಟಲ್‌ದೆಲ್ಲ ನಾನು ಕಟ್ಟಿದ್ದು. ಇವತ್ತು ಇಪ್ಪತ್ತೇಳು ಲಾಕು ಇವಳೇ ಇಳಿಸಿದ್ಲು."

ಹ್ಯೂಬರ್ಟ್ ಬಿಯರಿನ ನೊರೆಯನ್ನು ಪರೀಕ್ಷಿಸುವವನಂತೆ ನೋಡಿದ. ಬೆರಿಲ್ ಕರವಸ್ತ್ರದ ಗಂಟು ಸರಿಮಾಡಿಕೊಂಡು, "ನೀನಾದ್ರೂ ಹೇಳ್ಬಾರ್ದಿತ್ತೇನೆ, ಥೆಲ್ಮಾ," ಎಂದಳು.

"ನಂಗೂ ಇವತ್ತೇ ಗೊತ್ತಾಗಿದ್ದು," ಎಂದಳು ಥೆಲ್ಮಾ. ಸುಮ್ಮನಾಗಿಬಿಡಬಹುದಿತ್ತು. ಆದರೆ ಅವಳಿಗೆ ಈಗ ಯಾವುದನ್ನೂ ಬಚ್ಚಿಡುವ ಅಗತ್ಯ ಕಾಣಲಿಲ್ಲ. "ನಾನೂ ಅವತ್ತು ಬೇರೆ ಕಡೆ ನೋಡ್ತಿದ್ದೆ. ಮದುಮಗಳ ಬೂಟು. ಚೆನ್ನಾಗಿತ್ತು ಬೂಟು." ಆಗ ಹೊಸಬರಲ್ಲಿ ಒಬ್ಬಳು ನಕ್ಕಳು, ನಕ್ಕದ್ದು ತಪ್ಪಾಯಿತೇನೋ ಎಂದು ಬಾಯಿ ಮುಚ್ಚಿಕೊಂಡಳು. ಥೆಲ್ಮಾಳೂ ನಕ್ಕುಬಿಟ್ಟಳು, ಹೊಟ್ಟೆ ಕುಲುಕುವ ಹಾಗೆ, ಕಣ್ಣೊರೆಸಿಕೊಳ್ಳುವ ಹಾಗೆ. ಹ್ಯೂಬರ್ಟ್ ಎದ್ದು ಹೋಗಿ ಅವಳಿಗೊಂದು ಗ್ಲಾಸು ತಂದು ಮುಂದಿಟ್ಟ. ಅಡ್ಮಿರಲ್ ಎನ್ನಲಿಲ್ಲ. ಅವಳ ಮನೆಹೆಸರು ಹಿಡಿದು ಮಿಸೆಸ್ ಹಿಂಗ್ಲಿ ಎಂದ.

ಕಾಲುವೆ ನದಿಗೆ ಬೀಳುವಲ್ಲಿಗೆ ಅವರು ತಲುಪಿದ್ದು ಮೂರನೆಯ ದಿನ ಬೆಳಿಗ್ಗೆ. ವೂಸ್ಟರ್‌ನ ಕೊನೆಯ ಲಾಕು ಅಗಲವಾದದ್ದು, ಅದಕ್ಕೆ ಕಾವಲುಗಾರನಿದ್ದಾನೆ. ಮೇಲಿನ ಊರುಗಳಲ್ಲಿ ಮಳೆಯಾಗಿತ್ತು. ಕಾವಲುಗಾರ ಬಾಗಿಲಿನ ತೊಲೆಗೆ ಒರಗಿ ದೋಣಿಯನ್ನು ಮೇಲಿನಿಂದ ಕೆಳಗೆ ಅಳೆದ.

"ನದಿ ಜೋರಿದೆ ಇವತ್ತು. ಚುಕ್ಕಾಣಿಗೆ ಯಾರ ಕೈ?"

ಮುಂದುಗಡೆ ಹಗ್ಗ ಹಿಡಿದು ಕೂತಿದ್ದ ಸಿರಿಲ್ ಅಭ್ಯಾಸಬಲದಿಂದ ಉಸಿರೆಳೆದುಕೊಂಡ. ಎಳೆದುಕೊಂಡದ್ದನ್ನು ಮೆಲ್ಲಗೆ ಬಿಟ್ಟ.

"ನಂದು," ಎಂದಳು ಥೆಲ್ಮಾ.

ಬಾಗಿಲು ತೆರೆಯಿತು. ಮೂರು ದಿನ ಎರಡು ಗೋಡೆಗಳ ನಡುವೆ, ಎರಡು ಬೇಲಿಗಳ ನಡುವೆ ಬಂದ ಕಣ್ಣಿಗೆ ಸೆವರ್ನ್ ನದಿ ಒಮ್ಮೆಲೇ ಅಗಲವಾಗಿ, ಕೆಂಪಗೆ, ಬೆಳಕನ್ನೆಲ್ಲ ಮೈಮೇಲೆ ಹಾಕಿಕೊಂಡು ಎದುರಾಯಿತು. ಪ್ರವಾಹ ದೋಣಿಯ ಮೂತಿಯನ್ನು ಹಿಡಿದು ಎಡಕ್ಕೆ ಎಳೆಯಿತು. ಎಡಕ್ಕೆ ಟ್ಯೂಕ್ಸ್‌ಬರಿ, ಪಾಯ್ನರ್‌ಗಳ ದೋಣಿ ಆಗಲೇ ಆ ಕಡೆ ಸಣ್ಣದಾಗುತ್ತಿತ್ತು. ಥೆಲ್ಮಾ ಚಕ್ರವನ್ನು ಬಲಕ್ಕೆ ತಿರುಗಿಸಿದಳು, ಕಾದಳು, ದೋಣಿ ಒಪ್ಪುವವರೆಗೆ ಕಾದಳು.

"ಎಲ್ಲಿಗೆ ಹೋಗ್ತಿದೀಯೆ? ಅದು ಮೇಲಕ್ಕೆ," ಎಂದ ಸಿರಿಲ್. ನೀರು ಯಾವ ಕಡೆಯಿಂದ ಹೊಡೆಯುತ್ತಿದೆಯೆಂದು ಅವನಿಗೆ ಮೈಯಿಂದಲೇ ತಿಳಿದಿತ್ತು.

"ಗೊತ್ತು. ವೂಸ್ಟರ್ ದೊಡ್ಡ ಚರ್ಚಿನ ಗೋಪುರ ನೀರಿಂದ ಹೇಗೆ ಕಾಣತ್ತೆ ನೋಡ್ಬೇಕು ನಂಗೆ."

"ಕ್ಲಬ್ಬಿನವರು ಕಾಯ್ತಾರೆ ಕಣೇ."

"ಕಾಯ್ಲಿ."

ಅವನು ಟೋಪಿಯನ್ನು ಒತ್ತಿಕೊಂಡು, ಮುಖವನ್ನು ಗಾಳಿಗೆ ಕೊಟ್ಟು ಕೂತ. ಕೆಂಪು ನೀರು ದೋಣಿಯ ಎದೆಗೆ ಗುದ್ದಿ ಎರಡು ಪಕ್ಕಕ್ಕೂ ಸೀಳಿಕೊಂಡು ಹೋಗುತ್ತಿತ್ತು, ದಂಡೆಯ ಮರಗಳು ಸರಿಯುವುದೋ ಬೇಡವೋ ಎಂಬಂತೆ ನಿಂತಿದ್ದವು. ಥೆಲ್ಮಾ ಎಂಜಿನ್ನಿನ ಹಿಡಿಯನ್ನು ಕೊನೆಯವರೆಗೂ ತಳ್ಳಿದಳು. ಮೊದಲು ಒಂದು ಮರ ಹಿಂದೆ ಬಿತ್ತು, ಆಮೇಲೆ ಇನ್ನೊಂದು.